ತಿಂಗಳ ಐದನೇ ತಾರೀಕಿನ ಹೆಸರು

ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿಯಿದೆ. ಹಾಲು, ಮೊಸರು, ತರಕಾರಿ, ಬಾಳೆಹಣ್ಣು, ಪೂಜೆಗೆ ಬೇಕಾಗುವ ಹೂವು. ಒಳಗಿನ ಕಪಾಟಿನಲ್ಲಿ ಬಿಸ್ಕತ್ತು, ಸೋಪು, ಸಿಗರೇಟು. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ರೇಟು ಇಳಿಯುವಷ್ಟರಲ್ಲಿ ಬಾಗಿಲು ತೆಗೆದಿರಬೇಕು. ಹದಿನಾಲ್ಕು ವರ್ಷದಿಂದ ಇದೇ ನನ್ನ ದಿನಚರಿ. ತೆರಿಗೆ ಇಲಾಖೆಯ ನೋಟಿಸು ಬಂದ ದಿನ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು, ಸಾಗರದ ಆಫೀಸಿನದು ಎಂದಷ್ಟೇ ಹೇಳಿ ಹೋದ.

ಎರಡು ಹಾಳೆಯ ಕಾಗದ. ಇಂಥ ಎರಡು ವರ್ಷಗಳಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಮೊಬೈಲ್ ಪಾವತಿಯ ಮೂಲಕ ಇಷ್ಟು ಹಣ ಜಮೆಯಾಗಿದೆ, ಇದು ವ್ಯಾಪಾರದ ವಹಿವಾಟು ಎಂದು ಏಕೆ ತಿಳಿಯಬಾರದು, ನೋಂದಣಿಯಿಲ್ಲದೆ ವ್ಯಾಪಾರ ನಡೆಸಿದ್ದಕ್ಕೆ ತೆರಿಗೆ ಮತ್ತು ದಂಡವನ್ನು ಏಕೆ ವಿಧಿಸಬಾರದು, ಖುದ್ದಾಗಿ ಬಂದು ವಿವರಣೆ ಕೊಡಿ ಎಂದಿತ್ತು. ಮೊತ್ತ ಪೈಸೆಯವರೆಗೂ ನಮೂದಾಗಿತ್ತು. ನನ್ನ ಖಾತೆಗೆ ಎಷ್ಟು ಬಂದಿದೆ ಎಂದು ನಾನು ಯಾವತ್ತೂ ಕೂಡಿ ನೋಡಿದವನಲ್ಲ. ಸಾಗರದಲ್ಲಿ ಕೂತ, ನಾನು ಮುಖ ಕೂಡ ನೋಡಿರದ ಯಾರೋ ಕೂಡಿ ನೋಡಿದ್ದರು.

ನಮ್ಮ ಸಾಲಿನಲ್ಲಿ ಇನ್ನಿಬ್ಬರಿಗೂ ಅಂಥದೇ ಕಾಗದ ಬಂದಿತ್ತು. ಬೇಕರಿಯವನು ಅವತ್ತು ಸಂಜೆಯೇ ಗಾಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಸ್ಟಿಕ್ಕರನ್ನು ಚಾಕುವಿನಿಂದ ಕೆರೆದು ತೆಗೆದು, ನಗದು ಮಾತ್ರ ಎಂದು ರಟ್ಟಿನ ಮೇಲೆ ಬರೆದು ನೇತುಹಾಕಿದ. ಅವನ ಹೆದರಿಕೆ ತೆರಿಗೆಯದು. ನನಗೆ ಅದೂ ಇತ್ತು. ಆದರೆ ನನ್ನ ದೊಡ್ಡ ಹೆದರಿಕೆ ಬೇರೆಯೇ ಒಂದಿತ್ತು.

ಅದನ್ನು ಹೇಳಬೇಕೆಂದರೆ ನಮ್ಮ ಅಕ್ಕನ ವಿಷಯ ಹೇಳಬೇಕು.

ನಾವು ಮೂವರು ಮಕ್ಕಳು. ಅಣ್ಣ ಹಿರಿಯ, ನಡುವಿನವಳು ಅಕ್ಕ, ಕೊನೆಯವನು ನಾನು. ನಮ್ಮ ಅಜ್ಜ ಗೇಣಿ ಮಾಡಿದ ಗದ್ದೆ ಅಪ್ಪನ ಕಾಲಕ್ಕೆ ನಮ್ಮ ಹೆಸರಿಗೆ ಬಂದಿತ್ತು. ಅಪ್ಪನಿಗೆ ಆ ಗದ್ದೆಯಷ್ಟೇ ಊರಿನ ಜನರ ಮಾತೂ ಮುಖ್ಯ. ಅಕ್ಕ ಹೊಲಿಗೆ ತರಬೇತಿಗೆಂದು ತೀರ್ಥಹಳ್ಳಿಗೆ ಹೋಗಿಬರುತ್ತಿದ್ದವಳು ಅಲ್ಲಿಯೇ ಬೇರೆ ಧರ್ಮದ ಒಬ್ಬರನ್ನು ರಿಜಿಸ್ಟರ್ ಮದುವೆಯಾದಳು. ಅಪ್ಪ ಮನೆಯ ಹಿಂದಿನ ಹಳ್ಳಕ್ಕೆ ಹೋಗಿ, ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟು ಬಂದ. ನಾಲ್ಕು ವರ್ಷದ ಮೇಲೆ, ಈಗ್ಗೆ ಹದಿನಾರು ವರ್ಷದ ಹಿಂದೆ, ಅಪ್ಪ ತೀರಿಕೊಂಡಾಗ ಅಕ್ಕ ಬಂದಿದ್ದಳು. ಅಣ್ಣ ಅವಳನ್ನು ಅಂಗಳದ ಬೇಲಿಯ ದಣಪೆಯ ಹತ್ತಿರವೇ ತಡೆದು ನಿಲ್ಲಿಸಿದ. ಅಪ್ಪನ ಮಾತು ಅವನ ಜೊತೆಗೇ ಸುಟ್ಟುಹೋಗಬಾರದು ಎಂದ. ನಾನು ಅಲ್ಲೇ ಇದ್ದೆ, ಒಂದು ಮಾತೂ ಆಡಲಿಲ್ಲ. ಅಕ್ಕ ಹದಿನೈದು ನಿಮಿಷ ನಿಂತಿದ್ದು ಬಸ್ಸಿಗೆ ಹೋದಳು. ಅಮ್ಮ ಒಳಗೆ ಹೆಂಗಸರ ನಡುವೆ ಕೂತಿದ್ದಳು. ಅವಳಿಗೆ ತಿಳಿದದ್ದು ಮಾರನೆಯ ದಿನ. ಅವತ್ತಿನಿಂದ ನಮ್ಮ ಮನೆಯಲ್ಲಿ ಅಕ್ಕನ ಹೆಸರು ಎತ್ತುವುದು ನಿಂತುಹೋಯಿತು.

ಅಣ್ಣ ಕೆಟ್ಟವನಲ್ಲ. ಅಂಗಡಿ ಹಾಕಲು ದುಡ್ಡು ಹೊಂದಿಸಿದವನು ಅವನು. ಪಟ್ಟಣ ಪಂಚಾಯಿತಿಯ ಲೈಸೆನ್ಸೂ ಅವನ ಹೆಸರಿನಲ್ಲೇ ಇದೆ. ಲಗೇಜ್ ಆಟೋ ಓಡಿಸುತ್ತಾನೆ, ನನ್ನ ಅಂಗಡಿಯ ತರಕಾರಿಯನ್ನೂ ತಂದು ಹಾಕುತ್ತಿದ್ದ. ಒಂದೇ ಮನೆಯನ್ನು ಎರಡು ಪಾಲು ಮಾಡಿಕೊಂಡು ಇದ್ದೇವೆ. ಅಮ್ಮ ಅವನ ಕಡೆ ಉಣ್ಣುತ್ತಾಳೆ, ಅವಳ ಔಷಧಿಯ ಖರ್ಚು ನನ್ನದು ಎಂದು ಮಾತಾಗಿತ್ತು.

ಮೂರು ವರ್ಷದ ಹಿಂದೆ ಅಮ್ಮ ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆ ಸೇರಿದಳು. ಅದು ಹೇಗೋ ಅಕ್ಕನ ಕಿವಿಗೆ ಬಿದ್ದು ನನಗೆ ಫೋನು ಮಾಡಿದಳು. ಆಸ್ಪತ್ರೆಗೆ ಬರುತ್ತೇನೆ ಎನ್ನಲಿಲ್ಲ, ಅಮ್ಮನ ಹತ್ತಿರ ಮಾತಾಡಿಸು ಎಂದೂ ಕೇಳಲಿಲ್ಲ. ಮಾತ್ರೆಗೆ, ಸಕ್ಕರೆ ಕಾಯಿಲೆಯ ಇನ್ಸುಲಿನ್‌ಗೆ ತಿಂಗಳಿಗೆ ಎಷ್ಟಾಗುತ್ತದೆ ಎಂದು ಕೇಳಿದಳು. ಮಾರನೆಯ ದಿನ ನನ್ನ ಮೊಬೈಲಿಗೆ ಮೂರು ಸಾವಿರ ಬಂತು. ಆಮೇಲೆ ಪ್ರತಿ ತಿಂಗಳು ಐದನೇ ತಾರೀಕಿಗೆ ಬರುತ್ತಿತ್ತು. ಯಾರಿಗೂ ಹೇಳಬೇಡ ಎಂಬುದೊಂದೇ ಅವಳ ಷರತ್ತು. ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅಣ್ಣ ಊಟಕ್ಕೆ ಕೂತಾಗ, ಅಮ್ಮನ ಔಷಧಿಗೆ ತಮ್ಮ ಎಷ್ಟು ಕಷ್ಟಪಡುತ್ತಾನೆ ಎಂದು ನೆಂಟರ ಎದುರು ಹೊಗಳುತ್ತಿದ್ದ. ನಾನು ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದೆ.

ಆ ಹಣವೆಲ್ಲ ಬಂದದ್ದು ಅಂಗಡಿಯ ಖಾತೆಗೇ. ಅಂಗಡಿಗೊಂದು, ನನಗೊಂದು ಎಂದು ಎರಡು ಖಾತೆ ನನ್ನ ಹತ್ತಿರ ಇರಲಿಲ್ಲ. ಅರ್ಧ ಲೀಟರ್ ಹಾಲಿನ ದುಡ್ಡೂ ಅಕ್ಕನ ದುಡ್ಡೂ ಒಂದೇ ಕಡೆ ಬೀಳುತ್ತಿದ್ದವು.

ಸಾಗರದಲ್ಲಿ ಪರಿಚಯದವರೊಬ್ಬರು ಹೇಳಿದ ಆಡಿಟರ ಬಳಿ ಹೋದೆ. ವಯಸ್ಸಾದವರು, ಸಮಾಧಾನದ ಮನುಷ್ಯ. ನೋಟಿಸನ್ನು ಎರಡು ಸಲ ಓದಿ, ಹೆದರುವಂಥದ್ದೇನಿಲ್ಲ ಎಂದರು. ಹಾಲಿಗೆ, ತರಕಾರಿಗೆ, ಹೂವಿಗೆ ತೆರಿಗೆಯಿಲ್ಲ. ಉಳಿದದ್ದು ಎಷ್ಟೆಂದು ತೋರಿಸಬೇಕು. ವ್ಯಾಪಾರಕ್ಕೆ ಸಂಬಂಧವಿಲ್ಲದ ಜಮೆಗಳನ್ನು ಬೇರೆ ಮಾಡಿ, ಯಾರು, ಯಾಕೆ ಕೊಟ್ಟರು ಎಂದು ಎದುರಿಗೆ ಬರೆದುಕೊಂಡು ಬನ್ನಿ ಎಂದರು. ಅವರಿಗೆ ಹೇಗೆ ಗೊತ್ತಾಯಿತು ಸರ್ ಎಂದು ಕೇಳಿದೆ. ದುಡ್ಡು ದಾಟಿಸುವ ಕಂಪನಿಗಳಿಂದ ಇಲಾಖೆ ಪಟ್ಟಿ ತರಿಸಿಕೊಳ್ಳುತ್ತದೆ, ಬೇಕಾದರೆ ಬ್ಯಾಂಕಿನಿಂದಲೂ ತರಿಸಿಕೊಳ್ಳುತ್ತದೆ, ಅದಕ್ಕೆ ಕಾನೂನಿದೆ ಎಂದರು. ನನ್ನನ್ನು ಒಂದು ಮಾತು ಕೇಳುವುದಿಲ್ಲವಾ ಎಂದೆ. ಈಗ ಕೇಳಿದ್ದಾರಲ್ಲ ಎಂದು ನೋಟಿಸನ್ನು ನನ್ನ ಕಡೆ ಸರಿಸಿದರು.

ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್ ಕೇಳಿದಾಗ ಪ್ರಿಂಟರಿನ ಹಾಳೆ ನಡುವೆ ಮುಗಿದು ಇನ್ನೊಂದು ಕಟ್ಟು ಒಡೆದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯ ಶಟರ್ ಅರ್ಧ ಎಳೆದು, ನಾನೂ ನನ್ನ ಹೆಂಡತಿಯೂ ಅಕ್ಕಿ ಮೂಟೆಯ ಮೇಲೆ ಕೂತು ಸಾಲು ಸಾಲಾಗಿ ಗುರುತು ಹಾಕಿದೆವು. ಹಳದಿ ಬಣ್ಣ ಅಂಗಡಿಯದು, ಗುಲಾಬಿ ಬಣ್ಣ ಅಂಗಡಿಯದಲ್ಲದ್ದು.

ಆ ಕೆಲಸ ಒಂದು ವಾರ ಹಿಡಿಯಿತು. ಅಷ್ಟು ದಿನದಲ್ಲಿ ನಮ್ಮೂರಿನ ಜನರನ್ನು ನಾನು ನೋಡಬಾರದ ರೀತಿಯಲ್ಲಿ ನೋಡಿದೆ. ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರಿಗೆ ಡಾಕ್ಟರು ಸಿಗರೇಟು ಬಿಡಿಸಿದ್ದಾರೆ ಎಂದು ಅವರ ಹೆಂಡತಿ ಎಲ್ಲರಲ್ಲೂ ಹೇಳಿಕೊಂಡು ಬರುತ್ತಾರೆ. ಮೇಷ್ಟ್ರು ದಿನಾ ಸಂಜೆ ಆರು ಗಂಟೆಗೆ ಕೊಟ್ಟ ಹದಿನೆಂಟು ರೂಪಾಯಿ ಪುಟದಿಂದ ಪುಟಕ್ಕೆ ಅವರ ಪೂರ್ತಿ ಹೆಸರಿನ ಸಮೇತ ಇತ್ತು. ಒಬ್ಬ ಹುಡುಗಿ ಪ್ರತಿ ಮಂಗಳವಾರ ಎರಡು ಮೊಳ ಮಲ್ಲಿಗೆ ಒಯ್ಯುತ್ತಿದ್ದವಳು ಒಂದು ಮಂಗಳವಾರದಿಂದ ಇದ್ದಕ್ಕಿದ್ದಂತೆ ಇಲ್ಲ. ಅವೆಲ್ಲ ಅವರವರ ಬದುಕು. ನನ್ನ ತಪ್ಪಿಲ್ಲವೆಂದು ತೋರಿಸಲು ಅವೆಲ್ಲವನ್ನೂ ಕಟ್ಟು ಕಟ್ಟಿ ನಾನೇ ಆಫೀಸಿಗೆ ಒಯ್ದು ಕೊಡಬೇಕಿತ್ತು. ಮೇಷ್ಟ್ರು ಸಂಜೆ ಬಂದು ಎಂದಿನಂತೆ ಕೈ ಚಾಚಿದಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ಅಕ್ಕನ ಹೆಸರು ಇಪ್ಪತ್ತನಾಲ್ಕು ಸಲ ಇತ್ತು. ಮದುವೆಯಾದರೂ ಅವಳ ಖಾತೆ ಹಳೆಯ ಹೆಸರಿನಲ್ಲೇ ಇತ್ತು. ಅವಳ ಹೆಸರು, ಅದರ ಮುಂದೆ ಅಪ್ಪನ ಹೆಸರು.

ಆಡಿಟರು ಗುಲಾಬಿ ಗೆರೆಗಳನ್ನು ನೋಡುತ್ತಾ ಬಂದು ಅಲ್ಲಿ ನಿಂತರು. ಪ್ರತಿ ತಿಂಗಳು ಅದೇ ದಿನ, ಅದೇ ಮೊತ್ತ, ಇವರು ಯಾರು ಎಂದರು. ಒಂದು ಉಪಾಯ ಮಾಡೋಣ ಸರ್, ಇದನ್ನೂ ವ್ಯಾಪಾರ ಎಂದೇ ತೋರಿಸಿಬಿಡಿ, ಎಷ್ಟು ತೆರಿಗೆ ಬರುತ್ತದೋ ಕಟ್ಟುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ತಂದೆ ಹೆಸರೂ ಇವರ ತಂದೆ ಹೆಸರೂ ಒಂದೇ ಇದೆ. ಆಫೀಸರಿಗೂ ಕಣ್ಣಿದೆ. ಸುಳ್ಳು ಬರೆದು ಸಹಿ ಹಾಕಿದ್ರೆ ಅದು ಬೇರೆ ಕೇಸಾಗ್ತದೆ. ಇರೋದನ್ನ ಇದ್ದ ಹಾಗೆ ಹೇಳಿ, ಅವರಿಂದ ಒಂದು ಪತ್ರ ತನ್ನಿ."

ಆಮೇಲೆ ಇನ್ನೊಂದು ಮಾತು ಹೇಳಿದರು. ಲೈಸೆನ್ಸು ಅಣ್ಣನ ಹೆಸರಿನಲ್ಲಿ, ಖಾತೆ ನನ್ನ ಹೆಸರಿನಲ್ಲಿ ಇರುವುದರಿಂದ ವಿಚಾರಣೆಗೆ ಅಣ್ಣನೂ ಬರಬೇಕು. ವ್ಯಾಪಾರ ಯಾರದು ಎಂದು ಅವನು ಹೇಳಿಕೆ ಕೊಡಬೇಕು. ಕಾಗದಪತ್ರ ಮಾತ್ರ ಕೊಟ್ಟರೆ ಆಗುವುದಿಲ್ಲವಾ ಎಂದು ನಾನು ಮೂರು ಸಲ ಕೇಳಿದೆ. ಆಗುವುದಿಲ್ಲ ಎಂದು ಅವರು ಮೂರು ಸಲವೂ ಬೇಸರವಿಲ್ಲದೆ ಹೇಳಿದರು. ಮುಂದೆ ಹೋದರೆ ಅಣ್ಣ, ಹಿಂದೆ ಬಂದರೆ ದಂಡ. ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಬಸ್ಸಿನಲ್ಲಿ ಊರಿಗೆ ಬರುವಾಗ ಯಾರೋ ಪಕ್ಕದಲ್ಲಿ ಕೂತು ನನ್ನ ಅಂಗಡಿಯ ವ್ಯಾಪಾರ ಹೇಗಿದೆ ಎಂದು ಕೇಳಿದರು. ಇವರಿಗೂ ಏನಾದರೂ ಗೊತ್ತಿರಬಹುದೇ ಎನಿಸಿತು.

ಆ ವಾರದ ಗುರುವಾರ, ಮಾಲು ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಹುಂಚದ ಮೇಲೆ ಹೋಗುವ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದೆ. ಅಕ್ಕನ ಹೊಲಿಗೆ ಅಂಗಡಿ ಒಂದು ಸಂದಿಯೊಳಗಿದೆ. ಶಾಲೆ ಶುರುವಾಗುವ ದಿನಗಳು. ಸುತ್ತ ಯೂನಿಫಾರ್ಮಿನ ನೀಲಿ ಬಟ್ಟೆಯ ರಾಶಿ. ನನ್ನನ್ನು ನೋಡಿದ ಕೂಡಲೇ ಅವಳು ಮಷಿನ್ನಿನಿಂದ ಎದ್ದು ನಿಂತು, ಅಮ್ಮ ಹುಷಾರಾಗಿದ್ದಾಳಾ ಎಂದಳು. ನಾನು ಮುಂಚೆ ಹೇಳದೆ ಬಂದಿದ್ದೆ. ಹುಷಾರಾಗಿದ್ದಾಳೆ ಎಂದ ಮೇಲೇ ಕೂತಳು.

ವಿಷಯ ಹೇಳಿದೆ. ಅವಳು ಸ್ಟೇಟ್‌ಮೆಂಟಿನ ಹಾಳೆ ತೆಗೆದುಕೊಂಡು ಗುಲಾಬಿ ಗೆರೆ ಹಾಕಿದ ತನ್ನ ಹೆಸರನ್ನು ನೋಡಿದಳು.

"ಅವ್ರಿಗೆ ನನ್ ಹೆಸ್ರೂ ಗೊತ್ತಾತಾ?"

"ಎಲ್ಲಾ ಅಚ್ಚಾಗಿದೆ ಅಕ್ಕ. ತಾರೀಕು, ಟೈಮು ಎಲ್ಲಾ."

"ಹಂಗಾದ್ರೆ ಅಣ್ಣಂಗೂ ಗೊತ್ತಾಗ್ತದೆ."

ತನ್ನ ಖಾತೆಯನ್ನೂ ನೋಡುತ್ತಾರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆಗ ನಿಧಾನವಾಗಿ ಹೇಳಿದಳು: ಆ ಮೂರು ಸಾವಿರದ ವಿಷಯ ತನ್ನ ಗಂಡನಿಗೂ ಗೊತ್ತಿಲ್ಲ. ಆತ ಒಳ್ಳೆಯವನೇ, ಬೇಡ ಎನ್ನುವವನಲ್ಲ. ಆದರೆ ತನ್ನನ್ನು ದಣಪೆಯಿಂದ ವಾಪಸು ಕಳಿಸಿದ ಮನೆಗೆ ದುಡ್ಡು ಕೊಡುವುದು ಅವನಿಗೆ ನೋವಾದೀತು ಎಂದು ಹೇಳಿರಲಿಲ್ಲ. ನಾನು ಒಬ್ಬನೇ ಸಿಕ್ಕಿಹಾಕಿಕೊಂಡಿದ್ದೇನೆ ಎಂದುಕೊಂಡಿದ್ದೆ. ಅವಳೂ ಹಾಗೇ ಇದ್ದಳು.

ಪತ್ರ ಬರೆಯದೆ ಇರಬಹುದಿತ್ತು. ಆದರೂ ಅವಳು ಅಳತೆ ಬರೆಯುವ ಪುಸ್ತಕದಿಂದ ಹಾಳೆ ಹರಿದು, ಇದು ನನ್ನ ತಾಯಿಯ ಔಷಧಿಗಾಗಿ ನನ್ನ ತಮ್ಮನ ಖಾತೆಗೆ ಕಳಿಸಿದ ಹಣ, ವ್ಯಾಪಾರದ್ದಲ್ಲ ಎಂದು ಬರೆದು ಸಹಿ ಹಾಕಿ ಆಧಾರ್ ಪ್ರತಿ ಲಗತ್ತಿಸಿದಳು. ಹೊರಡುವಾಗ, "ನೀನಾಗೇ ಮೊದ್ಲು ಅಣ್ಣಂಗೆ ಹೇಳ್ಬಿಡು ಮಾರಾಯ. ಬೇರೆಯೋರ ಬಾಯಲ್ಲಿ ಕೇಳ್ಬಾರ್ದು ಅಂವ" ಎಂದಳು.

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ. ವಿಚಾರಣೆಗೆ ಇನ್ನೂ ಆರು ದಿನ ಇತ್ತು. ಪ್ರತಿ ದಿನ ಅಣ್ಣ ತರಕಾರಿ ಇಳಿಸಲು ಬಂದಾಗ ಬಾಯಿ ತೆರೆಯುತ್ತಿದ್ದೆ, ಬೀನ್ಸು ಹೇಗೆ ಕೆಜಿ ಎಂದು ಕೇಳಿ ಮುಚ್ಚುತ್ತಿದ್ದೆ. ಅವನೋ ನನಗೇ ಧೈರ್ಯ ಹೇಳುತ್ತಿದ್ದ. ನಾವು ಯಾರದನ್ನೂ ಕದ್ದಿಲ್ಲ, ಬಾ ಹೋಗಿ ಹೇಳಿ ಬರೋಣ ಎನ್ನುತ್ತಿದ್ದ. ವಿಚಾರಣೆಯ ದಿನ ಅವನದೇ ಆಟೋದಲ್ಲಿ ಸಾಗರಕ್ಕೆ ಹೋದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟುವಾಗ ಹೇಳೋಣ ಎಂದುಕೊಂಡೆ. ಎದುರಿನಿಂದ ಲಾರಿ ಬಂತು, ಅವನು ಲಾರಿಯವನನ್ನು ಬಯ್ದ, ಆ ಹೊತ್ತು ದಾಟಿಹೋಯಿತು.

ಅಧಿಕಾರಿ ಒಬ್ಬ ಹೆಂಗಸು, ನನಗಿಂತ ಚಿಕ್ಕವರು. ಕೂರಿಸಿ, ನೀರು ಕೊಡಿಸಿದರು. ಆಡಿಟರು ಲೆಕ್ಕವನ್ನೆಲ್ಲ ವಿವರಿಸಿದರು. ಅಂಗಡಿ ಯಾರದು ಎಂದು ಕೇಳಿದ್ದಕ್ಕೆ ಅಣ್ಣ, ಲೈಸೆನ್ಸ್ ಮಾತ್ರ ನನ್ನದು, ದುಡಿಮೆಯೆಲ್ಲ ನನ್ನ ತಮ್ಮನದು ಎಂದು ಹೆಮ್ಮೆಯಿಂದಲೇ ಹೇಳಿದ. ಅದನ್ನು ಬರೆದುಕೊಂಡರು. ಆಮೇಲೆ ಅವರು ಗುಲಾಬಿ ಗೆರೆಗಳ ಪಟ್ಟಿ ಎತ್ತಿಕೊಂಡು ಒಂದೊಂದೇ ಕೇಳತೊಡಗಿದರು. ಗೆಳೆಯನೊಬ್ಬ ತೀರಿಸಿದ ಕೈಗಡ, ಮಾರಿದ ಹಳೆಯ ಬೈಕಿನ ಹಣ. ನಾನು ಉತ್ತರ ಕೊಡುತ್ತಿದ್ದೆ.

ಅವರು ಅಕ್ಕನ ಹೆಸರನ್ನು ಪೂರ್ತಿಯಾಗಿ ಓದಿದರು. ಹದಿನಾರು ವರ್ಷದ ಮೇಲೆ ಅಕ್ಕನ ಹೆಸರೂ ಅಪ್ಪನ ಹೆಸರೂ ಜೊತೆಯಾಗಿ ಒಬ್ಬರ ಬಾಯಲ್ಲಿ ಬಂದವು. ಅಣ್ಣ ಕುರ್ಚಿಯಲ್ಲಿ ಅಲುಗಾಡಲಿಲ್ಲ. ನಾನು ಅವನ ಕಡೆ ನೋಡಲಿಲ್ಲ, ಮೊಣಕಾಲ ಮೇಲಿದ್ದ ಅವನ ಕೈ ಮಾತ್ರ ಕಾಣುತ್ತಿತ್ತು.

ತಂಗಿಯೋ ಅಕ್ಕನೋ ಎಂದು ಅಧಿಕಾರಿ ಕೇಳಿದರು. ನಾನು ಆಡಿಟರ ಮುಖ ನೋಡಿದೆ. ಅವರು ಅಣ್ಣನ ಕಡೆ ತಿರುಗಿ, ದನಿ ಎತ್ತರಿಸದೆಯೇ ಕೇಳಿದರು.

"ನೀವೇ ಹೇಳಿ. ಇವರು ನಿಮಗೆ ಏನಾಗಬೇಕು?"

ಅವನು ಇಲ್ಲ ಎನ್ನುತ್ತಾನೆ, ನಮಗೆ ಅಂಥವರು ಯಾರೂ ಇಲ್ಲ ಎನ್ನುತ್ತಾನೆ, ಅಕ್ಕನ ಪತ್ರ ಸುಳ್ಳಾಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ತಂಗಿ" ಎಂದ ಅಣ್ಣ.

ಅಧಿಕಾರಿ ಅದನ್ನೂ ಬರೆದುಕೊಂಡು, ಹೇಳಿಕೆಯ ಕೆಳಗೆ ಅವನ ಸಹಿ ತೆಗೆದುಕೊಂಡರು. ಅವರ ಪಾಲಿಗೆ ಅದು ಒಂದು ಸಾಲು ಅಷ್ಟೇ. ತಾಯಿಗೆ ಈಗ ಹೇಗಿದೆ ಎಂದು ಸೌಜನ್ಯಕ್ಕೆ ಕೇಳಿದರು. ಪರವಾಗಿಲ್ಲ ಎಂದೆವು, ಇಬ್ಬರೂ ಒಟ್ಟಿಗೆ.

ವಾಪಸು ಬರುವಾಗ ಬಟ್ಟೆಮಲ್ಲಪ್ಪದ ಚಹದಂಗಡಿಯ ಎದುರು ಆಟೋ ನಿಲ್ಲಿಸಿದ. ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ, ಎಷ್ಟು ವರ್ಷದಿಂದ ಎಂದು ಕೇಳಿದ. ಮೂರು ಎಂದೆ. ಅಮ್ಮನಿಗೆ ಗೊತ್ತಾ ಎಂದ. ಇಲ್ಲ ಎಂದೆ.

"ಹಂಗಾದ್ರೆ ಬ್ಯಾಂಕಿನೋರಿಗೆ ಗೊತ್ತು, ಸಾಗರದ ಆಫೀಸಿಗೆ ಗೊತ್ತು, ಆ ಆಡಿಟರಿಗೆ ಗೊತ್ತು. ಕಡೀಗೆ ಗೊತ್ತಾಗಿದ್ದು ನಂಗೆ. ಅಲ್ಲನಾ?"

ಹೇಳಬೇಕೆಂದಿದ್ದೆ ಅಣ್ಣ ಎಂದೆ. ಅವನು ಗಾಡಿ ಸ್ಟಾರ್ಟ್ ಮಾಡಿದ. ಅಂಗಡಿಯ ಎದುರು ನನ್ನನ್ನು ಇಳಿಸಿ, "ಇನ್ ಮೇಲೆ ಅಮ್ಮನ ಮಾತ್ರೆ ನಾನ್ ತರ್ತೀನಿ. ಆ ದುಡ್ಡು ನಿಲ್ಲಿಸು" ಎಂದು ಹೋದ.

ಅವತ್ತು ಸಂಜೆ ಅಮ್ಮನಿಗೆ ಹೇಳಿದ್ದೂ ಅವನೇ. ನಾನು ಅಂಗಡಿಯಲ್ಲಿದ್ದೆ, ನನ್ನ ಹೆಂಡತಿ ಗೋಡೆಯ ಈಚೆಯಿಂದ ಕೇಳಿಸಿಕೊಂಡಳು. ಬಿಟ್ಟುಹೋದವಳ ದುಡ್ಡಿನ ಮಾತ್ರೆ ನುಂಗುತ್ತಾ ಇದ್ದೀಯ ಎಂದು ಜೋರಾಗಿ ಹೇಳಿದನಂತೆ. ಅಮ್ಮ ಅಳಲಿಲ್ಲವಂತೆ. ತಿಂಗಳಿಗೆ ಎಷ್ಟು ಎಂದು ಕೇಳಿದಳಂತೆ. ಮೂರು ಸಾವಿರ ಎಂದದ್ದಕ್ಕೆ, "ಅವ್ಳ ಹತ್ರ ಅಷ್ಟೆಲ್ಲ ಇರ್ತದಾ?" ಎಂದಳಂತೆ.

ನೋಟಿಸಿನ ವಿಷಯ ಎರಡು ತಿಂಗಳಲ್ಲಿ ಮುಗಿಯಿತು. ಹೆಚ್ಚಿನದೆಲ್ಲ ತೆರಿಗೆಯಿಲ್ಲದ ಸಾಮಾನು ಎಂದು ಒಪ್ಪಿದರು. ಉಳಿದದ್ದಕ್ಕೆ ನೋಂದಣಿ ಮಾಡಿಸಿಕೊಂಡು ಸ್ವಲ್ಪ ಹಣ ಕಟ್ಟಿದೆ. ಬದುಕು ಮುಳುಗುವಷ್ಟೇನೂ ಅಲ್ಲ. ಬೇಕರಿಯವನು ನಗದು ಮಾತ್ರ ಎಂಬ ರಟ್ಟನ್ನು ತಾನಾಗಿಯೇ ತೆಗೆದ, ಚಿಲ್ಲರೆ ಇಲ್ಲದೆ ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ನಾನು ಅಂಗಡಿಗೆ ಬೇರೆ ಖಾತೆ ತೆರೆದೆ. ಆದರೂ ಯಾರಾದರೂ ಮೊಬೈಲು ಎತ್ತಿ ಕ್ಯೂಆರ್ ಕಡೆ ಹಿಡಿದರೆ ಇವತ್ತಿಗೂ ನಾನು ಒಂದು ಕ್ಷಣ ಕೈಯ ಕೆಲಸ ನಿಲ್ಲಿಸುತ್ತೇನೆ. ಮಗಳ ಫೀಸು ಕಟ್ಟಲಿ, ಯಾರದೋ ಮದುವೆಗೆ ಮುಯ್ಯಿ ಹಾಕಲಿ, ಇದರ ಎದುರಿಗೆ ಏನೆಂದು ಬರೆಯಬೇಕಾಗುತ್ತದೆ ಎಂದು ಮನಸ್ಸು ಮೊದಲು ಯೋಚಿಸುತ್ತದೆ. ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೇಳಬೇಕಾದ್ದನ್ನು ಮರ್ಯಾದೆಯಿಂದಲೇ ಕೇಳಿದರು. ಅವಳು ನಮಗೆ ಏನಾಗಬೇಕು ಎಂಬ ಅದೇ ಪ್ರಶ್ನೆಯನ್ನು ನಾವು ಮನೆಯೊಳಗೆ ಒಬ್ಬರನ್ನೊಬ್ಬರು ಹದಿನಾರು ವರ್ಷ ಕೇಳಿರಲಿಲ್ಲ.

ಇನ್ನು ಹಣ ಕಳಿಸಬೇಡ ಎಂದು ಅಕ್ಕನಿಗೆ ಫೋನು ಮಾಡಿ ಹೇಳಿದೆ. ಆಯಿತು ಎಂದಳು, ಕಾರಣ ಕೇಳಲಿಲ್ಲ. ಅಣ್ಣ ಹೇಳಿದಂತೆ ಮಾತ್ರೆ ತಂದ. ಮೊದಲ ತಿಂಗಳು ಎಲ್ಲವನ್ನೂ ತಂದ, ಎರಡನೇ ತಿಂಗಳು ಆಟೋದ ಇಂಜಿನ್ ರಿಪೇರಿಗೆ ಬಂತು, ಇನ್ಸುಲಿನ್ ಒಂದೇ ತಂದ. ಉಳಿದದ್ದನ್ನು ನಾನು ತಂದು ಅವನಿಗೆ ಗೊತ್ತಾಗದಂತೆ ಡಬ್ಬಿಯಲ್ಲಿ ಸೇರಿಸಿಟ್ಟೆ. ಹೀಗೆ ಇನ್ನೊಂದು ಮುಚ್ಚುಮರೆ ಶುರುವಾಯಿತು. ಅಂಗಡಿಗೆ ತರಕಾರಿ ಹಾಕುವುದನ್ನು ಅವನು ಬಿಟ್ಟಿದ್ದ. ಎದುರಾದರೆ ಮಾತಾಡುತ್ತಿದ್ದ, ಆದರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಸೀರೆಯುಟ್ಟು, ಚೀಲ ಹಿಡಿದು ಅಂಗಳಕ್ಕೆ ಬಂದಳು. ತೀರ್ಥಹಳ್ಳಿ ಬಸ್ಸಿಗೆ ಹತ್ತಿಸು ಎಂದು ನನಗೆ ಹೇಳಿದಳು. ಅಣ್ಣ ಆಟೋ ಒರೆಸುತ್ತಾ ಅಲ್ಲೇ ನಿಂತಿದ್ದ. ಅವಳು ಅವನನ್ನು ಕೇಳಲಿಲ್ಲ, ಅವನು ತಡೆಯಲಿಲ್ಲ. ನಾನು ಜೊತೆಗೆ ಹೋಗಿ ಅಕ್ಕನ ಅಂಗಡಿಯವರೆಗೆ ಬಿಟ್ಟು ಬಂದೆ. ಅಮ್ಮ ಒಳಗೆ ಹೋಗಿ ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡಲೂ ಮರೆತು ನಿಂತಿದ್ದಳು. ಇನ್ನು ಅಲ್ಲಿ ನಿಲ್ಲುವುದು ಸರಿಯಲ್ಲವೆಂದು ನಾನು ಬಸ್‌ಸ್ಟ್ಯಾಂಡಿಗೆ ನಡೆದೆ.

ಎರಡು ದಿನಕ್ಕೆಂದು ಹೋದವಳು ಒಂದು ವಾರವಾದರೂ ಬರಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಅಣ್ಣ ಅಂಗಡಿಯ ಎದುರು ಗಾಡಿ ನಿಲ್ಲಿಸಿ, ಇಳಿಯದೆ, ರಸ್ತೆ ನೋಡುತ್ತಲೇ ಕೇಳಿದ.

"ಯಾವಾಗ ಬತ್ತಾಳಂತೆ?"

ಕೇಳಿಲ್ಲ ಎಂದೆ.

"ಕೇಳು" ಎಂದು ಗಾಡಿ ತಿರುಗಿಸಿಕೊಂಡು ಹೋದ.